ಇಳಿಸೋ ಕೋಲು

ಇಲ್ಲಿ ನಾನು ಬರೆಯುವುದರಲ್ಲಿ ಕೆಲವಾದರೂ ತಪ್ಪಿರುತ್ತವೆ. ಅಪ್ಪನಿಗೆ ಶಾಕ್ ಹೊಡೆದ ದಿನ ಮಂಗಳವಾರ ಎಂದು ನನ್ನ ಡೈರಿಗಳಲ್ಲಿ ಮೂರು ಕಡೆ ಇದೆ, ಒಂದು ಕಡೆ ಗುರುವಾರ ಎಂದಿದೆ. ಆ ಡೈರಿಗಳೂ ಆಗಿನವಲ್ಲ. ಮೈಸೂರಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಮಂಚದ ಮೇಲೆ ಕೂತು, ಹನ್ನೊಂದು ವರ್ಷದವಳಾಗಿದ್ದಾಗ ನಡೆದದ್ದನ್ನು ನೆನಪಿನಿಂದ ಬರೆದದ್ದು. ಆಮೇಲೆ ಅದನ್ನೇ ಓದಿ ಓದಿ, ನೆನಪಿದ್ದದ್ದು ಯಾವುದು, ಓದಿದ್ದು ಯಾವುದು ಎಂಬುದು ಕಲಸಿಹೋಗಿದೆ. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಉಪ್ಸಾರು ಮಾಡಿದ್ದರೆಂದು ನಾನು ಆಣೆಯಿಟ್ಟು ಹೇಳಬಲ್ಲೆ. ಅವತ್ತು ಮಧ್ಯಾಹ್ನಕ್ಕೆ ಒಲೆಯನ್ನೇ ಹಚ್ಚಿರಲಿಲ್ಲ, ಬೆಳಗಿನದೇ ಇತ್ತು ಎನ್ನುತ್ತಾಳೆ ಅವ್ವ. ಇಂಥವು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಒಂದು ಮಾತ್ರ ತಪ್ಪಬಾರದೆಂದು ಇಷ್ಟು ವರ್ಷ ಹಿಡಿದುಕೊಂಡು ಕೂತಿದ್ದೇನೆ: ಅಪ್ಪನ ಬಲಗೈ ಹೋದದ್ದು ನನ್ನಿಂದಲೋ, ಅಲ್ಲವೋ.

ನಮ್ಮ ಮನೆ ಚನ್ನಪಟ್ಟಣದಲ್ಲಿ, ಬೊಂಬೆ ಮಾಡುವವರ ಬೀದಿಯ ಕೊನೆಯಲ್ಲಿತ್ತು. ಮೂರು ಕೋಣೆ ಒಂದರ ಬೆನ್ನಿಗೆ ಒಂದು. ಮುಂದೆ ಅಪ್ಪನ ರಿಪೇರಿ ಕೋಣೆ, ನಡುವೆ ನಾವು ಉಣ್ಣುವ, ಮಲಗುವ ಕೋಣೆ, ಹಿಂದೆ ಅಡುಗೆಮನೆ ಮತ್ತು ಅದಕ್ಕಂಟಿದ ಕಿಟಕಿಯಿಲ್ಲದ ಬಚ್ಚಲು. ಪಕ್ಕದ ಮನೆಯ ಬಾಷಣ್ಣ ಲೇತಿನ ಮೇಲೆ ಮರ ಕಡೆದು ಅರಗಿನ ಬಣ್ಣ ಹಿಡಿಸುತ್ತಿದ್ದ. ಬಿಸಿ ಅರಗಿನ ವಾಸನೆ ಗೋಡೆ ದಾಟಿ ಬಂದು ಅಪ್ಪ ವೈರು ಬೆಸೆಯುವ ಸೋಲ್ಡರ್ ಹೊಗೆಯ ಜೊತೆ ಸೇರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ, ನಿನ್ನ ಜಡೆ ಸುಟ್ಟ ವಾಸನೆ ಬರುತ್ತೆ ಎಂದು ದೂರ ಸರಿಯುತ್ತಿದ್ದಳು. ಅಪ್ಪ ತಿಪ್ಪಸಂದ್ರದ ಕಡೆಯ ಒಕ್ಕಲು ಮನೆಯವನು. ಜಮೀನನ್ನು ದಾಯಾದಿಗಳಿಗೆ ಬಿಟ್ಟು, ಮೈಕ್ ಸೆಟ್ಟಿನವರ ಜೊತೆ ಊರೂರು ತಿರುಗಿ, ಕಡೆಗೆ ಹಳೆಯ ವಾಲ್ವ್ ಸೆಟ್ಟುಗಳ ರಿಪೇರಿಯಲ್ಲಿ ನಿಂತವನು. ವಾಲ್ವ್ ಸೆಟ್ಟೆಂದರೆ ಗಾಜಿನ ಬುರುಡೆಗಳು ಒಳಗೆ ಕೆಂಪಗೆ ಕಾದು ದನಿಯನ್ನು ದೊಡ್ಡದು ಮಾಡುವ ಹಳೇ ಕಾಲದ ಆಂಪ್ಲಿಫೈಯರು. ನಾನು ಹುಟ್ಟುವ ಹೊತ್ತಿಗೇ ಅದರ ಕಾಲ ಮುಗಿದಿತ್ತು. ಮದುವೆಗಳಿಗೆಲ್ಲ ಹೊಸ ಸೆಟ್ಟುಗಳು ಬಂದಿದ್ದವು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದು, ಮೇಜು ಒರೆಸಿ, ಸ್ಟೂಲಿನ ಮೇಲೆ ಕೂರುತ್ತಿದ್ದ.

ಆ ಸೆಟ್ಟಿನ ಬಗ್ಗೆ ಒಂದು ವಿಷಯವನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ. ಗೋಡೆಯಿಂದ ಬರುವ ಕರೆಂಟನ್ನು ಅದರೊಳಗಿನ ಟ್ರಾನ್ಸ್‌ಫಾರ್ಮರು ಐನೂರು ವೋಲ್ಟಿನ ಹತ್ತಿರಕ್ಕೆ ಏರಿಸುತ್ತದೆ. ಕಂಡೆನ್ಸರು ಎಂಬ ದಪ್ಪ ಡಬ್ಬಿಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಸ್ವಿಚ್ ಆರಿಸಿದರೂ, ಪ್ಲಗ್ ಕಿತ್ತರೂ ಅವು ಬಿಡುವುದಿಲ್ಲ. ಸತ್ತಂತೆ ಬಿದ್ದಿರುವ ಸೆಟ್ಟಿನೊಳಗೆ ಕೈಹಾಕಿದವನನ್ನು ಕೊಲ್ಲುವಷ್ಟು ಅದರಲ್ಲಿ ಉಳಿದಿರುತ್ತದೆ. ಆದ್ದರಿಂದ ಆ ಕೋಣೆಗೆ ಅದರದೇ ಮಡಿಯಿತ್ತು. ಒದ್ದೆ ಕಾಲಲ್ಲಿ ಹೊಸಿಲು ದಾಟುವಂತಿಲ್ಲ. ಹವಾಯಿ ಚಪ್ಪಲಿ ಇಲ್ಲದೆ ಒಳಗೆ ಬರುವಂತಿಲ್ಲ. ಫ್ಯೂಸ್ ಹೋದರೆ ಇದ್ದಷ್ಟೇ ಸಣ್ಣದು ಹಾಕಬೇಕು, ತಾಮ್ರದ ಎಳೆ ಸುತ್ತಬಾರದು. ಪ್ಲಗ್ಗನ್ನು ಕಿತ್ತು ಸುಮ್ಮನೆ ನೆಲಕ್ಕೆ ಬಿಡಬಾರದು, ಕೆಲಸ ಮಾಡುವವನು ತನ್ನ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಕಣ್ಣಿಗೆ ಕಾಣುತ್ತಿದ್ದರೆ ಬೇರೆ ಯಾರೂ ಅದನ್ನು ಗೋಡೆಗೆ ಚುಚ್ಚಲಾರರು. ಒಳಗೆ ಹೋಗುವುದು ಒಂದೇ ಕೈ, ಬಲಗೈ. ಎಡಗೈ ಬೆನ್ನ ಹಿಂದೆ ಲುಂಗಿಯ ಗಂಟಿನಲ್ಲಿ ಸಿಕ್ಕಿಸಿಕೊಂಡಿರಬೇಕು. ಎರಡೂ ಕೈ ಒಳಗಿದ್ದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಹೋಗುತ್ತದೆ, ನಡುವೆ ಎದೆಯಿದೆ ಎಂದು ಅಪ್ಪ ತನ್ನ ಬನಿಯನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ್ದ. ಕೊನೆಯದು, ಒಬ್ಬನೇ ಇರುವಾಗ ಸೆಟ್ಟು ಬಿಚ್ಚಬಾರದು. ಜೊತೆಗೊಬ್ಬರು ಬೇಕು.

ಮೊದಲು ಆ ಜೊತೆ ಚಿಕ್ಕಪ್ಪ, ಅಪ್ಪನ ತಮ್ಮ. ಬಿಡದಿ ಕಡೆ ಕಾರ್ಖಾನೆಗಳು ಎದ್ದಾಗ ಅವನು ಅಂಥದೊಂದರಲ್ಲಿ ಶಿಫ್ಟಿಗೆ ಸೇರಿದ. ನಮ್ಮ ಜೊತೆಯೇ ಇದ್ದ, ಆದರೆ ಹಗಲು ಅವನು ಮನೆಯವನಾಗಿರಲಿಲ್ಲ. ಹಾಗಾಗಿ ಆ ಜಾಗಕ್ಕೆ ನಾನು ಬಂದೆ. ನನ್ನ ಕೆಲಸ ಇಳಿಸುವುದು, ಎಂದರೆ ಕಂಡೆನ್ಸರಿನಲ್ಲಿ ಉಳಿದದ್ದನ್ನು ಖಾಲಿ ಮಾಡುವುದು. ಬಾಷಣ್ಣ ಹಾಲೆ ಮರದಲ್ಲಿ ಒಂದು ಮೊಳದ ಕೋಲು ಕಡೆದು, ಬೊಂಬೆಗೆ ಹಾಕುವ ಕೆಂಪು ಹಳದಿ ಅರಗು ಹಾಕಿಕೊಟ್ಟಿದ್ದ. ಅದರ ತುದಿಗೆ ತಾಮ್ರದ ಕೊಕ್ಕೆ. ಕೊಕ್ಕೆಯ ವೈರು ಎರಡು ಮಾಮೂಲಿ ಬಲ್ಬುಗಳ ಮೂಲಕ, ಒಂದಾದ ಮೇಲೆ ಒಂದು, ಹಾದುಬಂದು ಒಂದು ಹಲ್ಲಿನ ಕ್ಲಿಪ್ಪಿನಲ್ಲಿ ಮುಗಿಯುತ್ತಿತ್ತು. ಕ್ಲಿಪ್ಪನ್ನು ಸೆಟ್ಟಿನ ತಗಡಿನ ಮೈಗೆ ಕಚ್ಚಿಸಿ, ಕೊಕ್ಕೆಯನ್ನು ಕಂಡೆನ್ಸರಿಗೆ ಮುಟ್ಟಿಸಿದರೆ ಎರಡೂ ಬಲ್ಬು ಝಗ್ಗನೆ ಉರಿದು, ನಿಧಾನವಾಗಿ ಕೆಂಪಾಗಿ, ಆರಿಹೋಗುತ್ತಿದ್ದವು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಢಂ ಅನ್ನಿಸುವವರೂ ಇದ್ದರು. ಅಪ್ಪನಿಗೆ ಅವರನ್ನು ಕಂಡರಾಗದು. ನಾನು ಕೋಲು ತೆಗೆದ ಮೇಲೆ ಅಪ್ಪ ಕೇಳುತ್ತಿದ್ದ, ನಾನು ಹೇಳಬೇಕಿತ್ತು. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಇದರಲ್ಲಿ ಒಂದು ಅಕ್ಷರವೂ ತಪ್ಪಿರಲಾರದು.

"ಪ್ಲಗ್ ಎಲ್ಲೈತೆ?"

"ನಿನ್ ತೊಡೆ ಮ್ಯಾಲೆ."

"ಎಡಗೈ?"

"ಬೆನ್ನಿಂದೆ."

"ಕೋಲು ಏನಂತು?"

"ಎಲ್ಡೂ ಉರುದ್ವು, ಎಲ್ಡೂ ಆರುದ್ವು."

"ಹಂಗಾದ್ರೆ ಇಳುದೈತೆ."

ಮೀಟರು ಇತ್ತು. ಸೆಟ್ಟು ಚಾಲೂ ಇರುವಾಗ ವೋಲ್ಟೇಜು ನೋಡಲು ಅದನ್ನು ಬಳಸುತ್ತಿದ್ದ. ಇಳಿದಿದೆಯೇ ಎಂದು ನೋಡಲು ಮಾತ್ರ ಅಪ್ಪನಿಗೆ ಕೋಲೇ ಬೇಕು. ಮೀಟರಿನ ಕಡ್ಡಿ ಸರಿಯಾಗಿ ತಾಗದೆ ಮುಳ್ಳು ಸೊನ್ನೆ ತೋರಿಸಿದ್ದನ್ನು ಅವನು ನೋಡಿದ್ದ. ಬೆಳಕು ಹಾಗೆ ಮೋಸ ಮಾಡುವುದಿಲ್ಲ ಎಂದು ನಂಬಿದ್ದ. ಉರಿದು ಆರುವ ಬೆಳಕು ಮೋಸ ಮಾಡುವುದಿಲ್ಲ, ನಿಜ. ಉರಿಯದೇ ಇರುವುದರ ಬಗ್ಗೆ ನಾವು ಯಾರೂ ಯೋಚಿಸಿರಲಿಲ್ಲ.

ಅವ್ವನಿಗೆ ಇದೆಲ್ಲ ಸೇರುತ್ತಿರಲಿಲ್ಲ. ನಾನು ಕೋಲು ಹಿಡಿದಾಗಲೆಲ್ಲ ಅಡುಗೆಮನೆಯಲ್ಲಿ ಸದ್ದು ನಿಲ್ಲುತ್ತಿತ್ತು. ಕಿವಿಯನ್ನು ಮುಂದಿನ ಕೋಣೆಗೆ ಕೊಟ್ಟು ಅವಳು ನಿಂತಿರುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು. ಊಟಕ್ಕೆ ಕೂತಾಗ ಜಗಳ. ಚಿಕ್ಕಪ್ಪ ಮನೆಯಲ್ಲಿದ್ದ ದಿನ ಜಗಳ ಇನ್ನೂ ದೊಡ್ಡದು.

"ಹೆಣ್ ಮಗ ಕೈಲಿ ಸಿಡ್ಲು ಹಿಡ್ಸಿದ್ದೀರಲ್ಲ, ನಾಳಿಕ್ಕೆ ಇವ್ಳುನ್ನ ಮಾಡ್ಕಳಕ್ಕೆ ಬರೋರು ಏನಂತ ಕೇಳಾರು?"

"ಕರೆಂಟಾಫೀಸ್ನೋರೇ ಬತ್ತಾರೆ ಬುಡು," ಎಂದ ಅಪ್ಪ, ಮುದ್ದೆ ಮುರಿಯುತ್ತ.

"ನಮ್ ಕಂಪ್ನೀಲಿ ಮೆಶಿನ್ ಬಿಚ್ಬೇಕಾದ್ರೆ ಸ್ವಿಚ್ಚಿಗೆ ಬೀಗ ಹಾಕ್ತಾರೆ ಕಣಣ್ಣ. ಬೀಗದ ಕೈ ಬಿಚ್ಚೋನ ಜೇಬಲ್ಲಿ. ಅವ್ನ ಹೆಸ್ರು ಬರ್ದು ಚೀಟಿ ಬ್ಯಾರೆ ನೇತಾಕ್ತಾರೆ," ಎಂದ ಚಿಕ್ಕಪ್ಪ.

"ಅಲ್ಲಿ ನೂರು ಜನ, ಹೆಸ್ರು ಬೇಕು. ಇಲ್ಲಿರಾದು ನಾನೊಬ್ಬ, ನನ್ ಮಗ್ಳೊಬ್ಳು. ನನ್ ಹೆಸ್ರು ನಂಗೇ ಮರ್ತೋಯ್ತದೇನ್ಲಾ?"

"ನಗಾಡು. ಅಲ್ಲಿ ಯಾರನ್ನೂ ನಂಬಲ್ಲ, ಅದ್ಕೇ ಯಾರೂ ಸಾಯಲ್ಲ."

ಈ ಕೊನೆಯ ಮಾತನ್ನು ನಾನೇ ನಂತರ ಸೇರಿಸಿದೆನೋ ಏನೋ. ಇಷ್ಟು ಸರಿಯಾಗಿ ಹೇಳುವವನಲ್ಲ ಚಿಕ್ಕಪ್ಪ.

ಬಲ್ಬಿನ ವಿಷಯ ಹೇಳಬೇಕು. ನಮ್ಮ ಬೀದಿಗೆ ಬರುವ ಕರೆಂಟು ಆಗ ಒಂದೇ ಸಮ ಇರುತ್ತಿರಲಿಲ್ಲ. ಹಗಲು ಲೇತುಗಳು, ರೇಷ್ಮೆ ನೂಲು ತೆಗೆಯುವ ಯಂತ್ರಗಳು, ಹೊಸದಾಗಿ ತಲೆಯೆತ್ತಿದ ವರ್ಕ್‌ಶಾಪುಗಳು ಎಲ್ಲ ಎಳೆದುಕೊಂಡು ಬಲ್ಬುಗಳು ಕೆಂಪಗೆ ಮಿಣುಕುತ್ತಿದ್ದವು. ಸಂಜೆ ಅವೆಲ್ಲ ಒಟ್ಟಿಗೆ ನಿಂತ ಕೂಡಲೇ ವೋಲ್ಟೇಜು ಮೇಲಕ್ಕೆ ನೆಗೆದು ಎಲ್ಲೋ ಒಂದು ಬಲ್ಬು ಹೋಗುತ್ತಿತ್ತು. ಹೋದ ಬಲ್ಬನ್ನು ಎಸೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಡುಗೆಮನೆಯದು ಹೋದರೆ ನಡುಕೋಣೆಯದನ್ನು ತಂದು ಅಲ್ಲಿಗೆ ಹಾಕಿ, ಹೋದದ್ದನ್ನು ನಡುಕೋಣೆಯ ಹೋಲ್ಡರಿಗೆ ಸಿಕ್ಕಿಸುತ್ತಿದ್ದರು. ಹೋಲ್ಡರನ್ನು ಖಾಲಿ ಬಿಡಬಾರದು, ಯಾವುದಾದರೂ ಮಗು ಬೆರಳಿಟ್ಟೀತು ಎಂಬುದು ಅವ್ವನ ಹೆದರಿಕೆ. ಹೊಸದನ್ನು ತರುವವರೆಗೆ ಅದು ಅಲ್ಲೇ, ಒಳ್ಳೆಯದರಂತೆ ನೇತಾಡುತ್ತಿತ್ತು. ಈ ಕೆಲಸವನ್ನು ಅವ್ವ ಮಾಡುತ್ತಿದ್ದಳು, ಚಿಕ್ಕಪ್ಪ ಮಾಡುತ್ತಿದ್ದ, ಎತ್ತರ ಸಿಕ್ಕ ಮೇಲೆ ನಾನೂ ಮಾಡುತ್ತಿದ್ದೆ. ಕೋಲಿನ ಬಲ್ಬುಗಳನ್ನು ಮಾತ್ರ ಮುಟ್ಟಬಾರದೆಂದು ಎಲ್ಲರಿಗೂ ಗೊತ್ತಿತ್ತು.

ಕುದೂರಿನ ಕಡೆಯಿಂದ ಇಬ್ಬರು ಗಂಡಸರು ಒಂದು ದೊಡ್ಡ ವಾಲ್ವ್ ಸೆಟ್ಟನ್ನು ದುಪ್ಪಟಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಅವರ ಭಜನೆ ಮನೆಯದು. ವರ್ಷಗಳಿಂದ ಯಾರೂ ಹಚ್ಚಿರಲಿಲ್ಲ. ವಯಸ್ಸಾದವನು ಸೆಟ್ಟನ್ನು ತೊಡೆಯಿಂದ ಇಳಿಸದೆ ಹೇಳಿದ:

"ಹೊಸ ಸೆಟ್ಟು ತಂದ್ವು ಸ್ವಾಮಿ, ಅದ್ರಲ್ಲಿ ನಮ್ ದನಿ ನಮ್ದಂಗೇ ಕೇಳ್ಸಲ್ಲ. ಯಾರೋ ಪ್ಯಾಟೆಯೋರು ಹಾಡ್ದಂಗೆ ಐತೆ. ಇದನ್ನ ಒಸಿ ಎಬ್ಬುಸ್ಕೊಡಿ."

ಐದು ತಿಂಗಳಲ್ಲಿ ಬಂದ ಮೊದಲ ವಾಲ್ವ್ ಸೆಟ್ಟು ಅದು. ಅಪ್ಪ ಅವತ್ತು ಹೋಗಿ ಕ್ಷೌರ ಮಾಡಿಸಿಕೊಂಡು ಬಂದ. ಅದಕ್ಕೂ ಹಿಂದಿನ ವಾರವೇ ಮನೆಯಲ್ಲಿ ಒಂದು ಮಾತಾಗಿತ್ತು. ಚಿಕ್ಕಪ್ಪನ ಕಾರ್ಖಾನೆಯ ಗೇಟಿಗೆ ಕಾವಲಿನವರು ಬೇಕಾಗಿದ್ದರು. ಅವ್ವ ಪಟ್ಟು ಹಿಡಿದಿದ್ದಳು. ಇದೊಂದು ಸೆಟ್ಟು ಎದ್ದರೆ ನನ್ನ ಕೋಣೆ ನನಗೆ, ಏಳದಿದ್ದರೆ ನಿಮ್ಮ ಗೇಟಿಗೆ ಬರುತ್ತೇನೆ ಎಂದು ಅಪ್ಪ ಈಗ ಸೆಟ್ಟಿನ ತಲೆಯ ಮೇಲೆ ಕೈಯಿಟ್ಟು ಹೇಳಿದ. ನಗುತ್ತಲೇ ಹೇಳಿದ. ಆದರೆ ಆಮೇಲಿನ ನಾಲ್ಕು ದಿನ ಅವನು ಸರಿಯಾಗಿ ಉಣ್ಣಲಿಲ್ಲ, ಕರೆದರೆ ತಿರುಗಲಿಲ್ಲ. ಬೇರೆಯವರ ಸೆಟ್ಟನ್ನಲ್ಲ, ತನ್ನ ಮುಂದಿನ ದಿನಗಳನ್ನು ಬಿಚ್ಚಿಟ್ಟುಕೊಂಡು ಕೂತವನ ಹಾಗಿದ್ದ.

ಬಹಳ ದಿನ ಸುಮ್ಮನಿದ್ದ ಸೆಟ್ಟಿಗೆ ಒಮ್ಮೆಲೇ ಪೂರ್ತಿ ಕರೆಂಟು ಕೊಡಬಾರದು, ಒಣಗಿದ ಕಂಡೆನ್ಸರು ಸಿಡಿಯುತ್ತದೆ. ಅಪ್ಪ ಮೊದಲು ಗಾಜಿನ ವಾಲ್ವುಗಳನ್ನೆಲ್ಲ ಕಿತ್ತು, ಬಾಷಣ್ಣ ಕಡೆದುಕೊಟ್ಟ ಮರದ ಬಟ್ಟಲುಗಳಲ್ಲಿ ಹತ್ತಿಯಿಟ್ಟು ಮಲಗಿಸಿದ. ಹಳೆಯ ವೈರಿಗೆ ಮೂರು ಕಾಲಿನ ಪ್ಲಗ್ ಹಾಕಿ ಸೆಟ್ಟಿನ ಮೈಯನ್ನು ನೆಲಕ್ಕಿಳಿಯುವ ಅರ್ತ್ ವೈರಿಗೆ ಸೇರಿಸಿದ. ಆಮೇಲೆ ಗೋಡೆಗೂ ಸೆಟ್ಟಿಗೂ ನಡುವೆ ಕರೆಂಟನ್ನು ತಗ್ಗಿಸಿ ಬಿಡಲು ಹಲಗೆಗೆ ಕೂರಿಸಿದ್ದ ಸೀರೀಸ್ ಬಲ್ಬನ್ನು ಇಟ್ಟು, ದಿನಕ್ಕೆ ಕೆಲವು ಗಂಟೆ, ಕಾಯಿಲೆಯವನಿಗೆ ಗಂಜಿ ಕೊಟ್ಟಂತೆ ಕರೆಂಟು ಕೊಟ್ಟ. ಒಳಗೆ ತೊಂದರೆಯಿದ್ದರೆ ಹಲಗೆಯ ಬಲ್ಬು ಜೋರಾಗಿ ಉರಿಯುತ್ತದೆ, ಸರಿಯಿದ್ದರೆ ಮಂಕಾಗುತ್ತದೆ. ಮೂರನೆಯ ದಿನ ಮಂಕಾಯಿತು. ಸೆಟ್ಟಿನೊಳಗೆ ಕಂಡೆನ್ಸರನ್ನು ತಾನೇ ಖಾಲಿ ಮಾಡುವ ಒಂದು ರೆಸಿಸ್ಟರ್ ಇರುತ್ತದೆ. ಇದರಲ್ಲಿ ಅದು ಸುಟ್ಟು ಕರಿಯಾಗಿತ್ತು. ವಾಲ್ವುಗಳಿದ್ದರೆ ಉಳಿದ ಕರೆಂಟನ್ನು ಅವೇ ಕುಡಿದು ಮುಗಿಸುತ್ತವೆ, ಅವನ್ನು ತೆಗೆದಿಟ್ಟಾಗ ಕುಡಿಯುವವರು ಯಾರೂ ಇಲ್ಲ. ಅದಕ್ಕೇ ಈ ಸೆಟ್ಟಿಗೆ ಕೋಲು ಮರೆಯಬೇಡ ಮಗಾ ಎಂದು ಅಪ್ಪ ಎರಡು ಸಲ ಹೇಳಿದ್ದ. ಗಾಜು ಒಡೆಯದಿರಲೆಂದು ತೆಗೆದಿಟ್ಟದ್ದೇ ಸೆಟ್ಟನ್ನು ಇನ್ನಷ್ಟು ಅಪಾಯದ್ದು ಮಾಡಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ, ವಾಲ್ವುಗಳಿಲ್ಲದೆಯೇ, ಪೂರ್ತಿ ಕರೆಂಟು ಕೊಟ್ಟು ಅಪ್ಪ ಮೀಟರು ಹಿಡಿದ. ಮುಳ್ಳು ಏರಿ ನಿಂತಿತು. ಅಪ್ಪ ನನ್ನ ಕಡೆ ನೋಡಿದ. ಅವನು ಹಾಗೆ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ, ಅಥವಾ ಹಾಗೆ ನೋಡಿರಲಿ ಎಂಬ ಆಸೆಯಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಆಗ ದಿನಾ ಹೋಗುತ್ತಿತ್ತು. ಬಾಷಣ್ಣನ ಲೇತೂ ನಿಂತು ಬೀದಿ ಮೌನವಾಯಿತು. ಅಪ್ಪ ಪ್ಲಗ್ ಕಿತ್ತು, ವೈರನ್ನು ಸುರುಳಿ ಸುತ್ತಿ ಸೆಟ್ಟಿನ ಮೇಲಿಟ್ಟ. ನಾವು ಊಟಕ್ಕೆ ಹೋದೆವು. ಊಟ ಮುಗಿಸಿ ಬಂದು, ಸುಟ್ಟ ರೆಸಿಸ್ಟರನ್ನು ಕತ್ತರಿಸಿ ತೆಗೆಯಲು ಅಪ್ಪ ಸ್ಟೂಲಿನ ಮೇಲೆ ಕೂತ. ಪ್ಲಗ್ ತೊಡೆಯ ಮೇಲೆ. ಎಡಗೈ ಬೆನ್ನ ಹಿಂದೆ. ನಾನು ಕ್ಲಿಪ್ಪು ಕಚ್ಚಿಸಿ ಕೊಕ್ಕೆ ಮುಟ್ಟಿಸಿದೆ. ಏನೂ ಆಗಲಿಲ್ಲ. ತೆಗೆದು ಇನ್ನೊಮ್ಮೆ ಮುಟ್ಟಿಸಿದೆ. ಬಲ್ಬುಗಳು ಉರಿಯಲಿಲ್ಲ.

"ಕೋಲು ಏನಂತು?"

"ಏನೂ ಅನ್ನಲಿಲ್ಲ ಕಣಪ್ಪ. ಉರೀಲೇ ಇಲ್ಲ."

"ಉಣ್ಣೋವಷ್ಟ್ರಲ್ಲಿ ತಾನೇ ಇಳ್ಕಂಡೈತೆ ಬುಡು."

ಈ ಕೊನೆಯ ಮಾತನ್ನು ಅಪ್ಪ ಹೇಳಿದ ಎಂದು ಎರಡು ಡೈರಿಗಳಲ್ಲಿದೆ. ಮೂರನೆಯದರಲ್ಲಿ, ತಾನೇ ಇಳ್ಕಂಡೈತೆ ಎಂದವಳು ನಾನು. ಯಾವುದು ನಿಜವೆಂದು ಗೊತ್ತಿಲ್ಲ. ಅಪ್ಪ ಕತ್ತರಿ ಹಿಡಿದು ಕೈ ಒಳಗೆ ಹಾಕಿದ. ಒಣ ಕಡ್ಡಿ ಮುರಿದಂಥ ಸದ್ದು, ಅಷ್ಟೇ. ಅಪ್ಪ ಸ್ಟೂಲಿನ ಸಮೇತ ಹಿಂದಕ್ಕೆ ಹೋಗಿ, ಬಲಗೈ ಮೈಯಡಿ ಸಿಕ್ಕು, ಕಲ್ಲಿನ ಹೊಸಿಲ ಮೇಲೆ ಬಿದ್ದ. ಅವ್ವ ಓಡಿ ಬಂದಳು. ಶಾಕ್ ಹೊಡೆದವರನ್ನು ಮುಟ್ಟಬಾರದು ಎಂದು ಅಪ್ಪ ನನಗೆ ಕಲಿಸಿದ್ದ, ಅದಕ್ಕೆ ನಾನು ಕೋಲನ್ನು ಅಡ್ಡ ಹಿಡಿದು ಅವ್ವನನ್ನು ತಡೆದೆ. ಪ್ಲಗ್ ನೆಲದ ಮೇಲೆ ಬಿದ್ದಿತ್ತು, ಬೀದಿಯಲ್ಲೇ ಕರೆಂಟು ಇರಲಿಲ್ಲ, ಕಂಡೆನ್ಸರಿನಲ್ಲಿದ್ದದ್ದೆಲ್ಲ ಅಪ್ಪನ ಕೈಯಲ್ಲಿ ಇಳಿದುಹೋಗಿತ್ತು. ಮುಟ್ಟಬಹುದಿತ್ತು. ಆದರೂ ನಾನು, ಮುಟ್ಬೇಡ ಅವ್ವ, ಮುಟ್ಬೇಡ ಅವ್ವ ಎನ್ನುತ್ತ ನಿಂತೇ ಇದ್ದೆ. ಅವ್ವ ನನ್ನ ಕೆನ್ನೆಗೆ ಹೊಡೆದು ದಾಟಿಕೊಂಡು ಹೋದಳು. ಬಾಷಣ್ಣ ಬಂದು ಅಪ್ಪನನ್ನು ಎತ್ತಿ ಆಟೋಗೆ ಹಾಕಿಕೊಂಡ. ಅವನ ಮನೆಯವರು ನನ್ನನ್ನು ಕರೆದುಕೊಂಡು ಹೋಗಿ ಮರದ ಹೊಟ್ಟಿನ ಚೀಲದ ಮೇಲೆ ಕೂರಿಸಿದರು. ನಾನು ಆಗಲೂ ಕೋಲು ಬಿಟ್ಟಿರಲಿಲ್ಲವಂತೆ.

ಅಪ್ಪ ಬದುಕಿದ. ಎಡಗೈ ಬೆನ್ನ ಹಿಂದೆ ಇದ್ದದ್ದರಿಂದ ಕರೆಂಟು ಎದೆಯ ಕಡೆ ಹೋಗದೆ ಬೆರಳಿಂದ ಹೊಕ್ಕು, ತಗಡಿಗೆ ಒರಗಿದ್ದ ಮುಂಗೈಯಿಂದ ಹೊರಟಿತ್ತು. ಮೊಣಕೈ ಬೀಳುವಾಗ ಮುರಿದಿತ್ತು. ನರಕ್ಕೆ ಪೆಟ್ಟಾಗಿದೆ, ನೋಡೋಣ ಎಂದರು ಡಾಕ್ಟರು. ಸಂಜೆ ಬಟ್ಟೆ ತೆಗೆದುಕೊಂಡು ಹೋಗಲು ಅವ್ವ, ಚಿಕ್ಕಪ್ಪ ಮನೆಗೆ ಬಂದರು. ಚಿಕ್ಕಪ್ಪ ಇನ್ನೂ ಕಂಪನಿಯ ನೀಲಿ ಅಂಗಿಯಲ್ಲೇ ಇದ್ದ. ಕರೆಂಟು ಬಂದಿತ್ತು. ಬಚ್ಚಲಲ್ಲಿ ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಯಾರೋ ಸ್ವಿಚ್ ಹಾಕಿಯೇ ಬಿಟ್ಟಿದ್ದರು. ಚಿಕ್ಕಪ್ಪ ನನ್ನ ಕೈಯಿಂದ ಕೋಲು ತೆಗೆದುಕೊಂಡು, ಒಂದು ಬಲ್ಬನ್ನು ಬಿಚ್ಚಿ ಕಿವಿಯ ಹತ್ತಿರ ಅಲುಗಿಸಿದ. ಅದನ್ನು ಸಿಕ್ಕಿಸಿ ಇನ್ನೊಂದನ್ನು ಬಿಚ್ಚಿ ಅಲುಗಿಸಿದ. ಒಳಗೆ ಮುರಿದ ತಂತಿ ಗಾಜಿಗೆ ತಾಗುವ ಸಣ್ಣ ಸದ್ದು ನನಗೂ ಕೇಳಿಸಿತು. ಎರಡರಲ್ಲಿ ಒಂದು ಹೋಗಿದ್ದರೂ ಸಾಕು, ಕೋಲು ಬರೀ ಕೋಲು.

"ಇದು ಹೋಗಿರಾ ಬಲ್ಬು. ಇದನ್ನ ಕೋಲಿಗೆ ಯಾರು ಹಾಕುದ್ದು?"

ಚಿಕ್ಕಪ್ಪ ಬಚ್ಚಲ ಬೆಳಕಿನ ಕಡೆ ತಿರುಗಿದ.

"ಅತ್ಗೆ, ಬಚ್ಚಲ್ದು ಮೊನ್ನೆ ಹೋಗಿತ್ತಲ್ಲ. ನಾನು ಕತ್ಲಲ್ಲೇ ಸ್ನಾನ ಮಾಡ್ಕಂಡ್ ಹೋದೆ. ಅದುಕ್ಕೆ ಹಾಕಿರಾದು ಎಲ್ಲಿಂದು?"

"ಈಗ್ಯಾಕದು. ಪಂಚೆ ತಗಂಡು ನಡಿ, ಅಲ್ಲಿ ಅವ್ರು ಒಬ್ರೇ ಅವ್ರೆ," ಎಂದಳು ಅವ್ವ. ನನ್ನ ಕಡೆ ನೋಡಲಿಲ್ಲ.

ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ, ಬಚ್ಚಲಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಾನು ನಿಂತಿದ್ದೇನೆ. ಬಲ್ಬಿನ ಹಿತ್ತಾಳೆಯ ಕಿವಿಗಳು ಹೋಲ್ಡರಿನ ಸಂದಿಗೆ ಸಿಗುತ್ತಿಲ್ಲ, ಕೈಗೆ ಸೀಗೆಪುಡಿ ಅಂಟಿದೆ. ಇನ್ನೊಂದರಲ್ಲಿ ಬಕೆಟ್ಟಿನ ಮೇಲಿರುವುದು ಅವ್ವ, ಬಕೆಟ್ಟು ಜಾರದಂತೆ ಹಿಡಿದಿರುವುದು ನಾನು, ನನ್ನ ಮುಖದ ಎದುರಿಗೆ ಅವಳ ಕಾಲುಂಗುರ. ಎರಡೂ ಅಷ್ಟೇ ಸ್ಪಷ್ಟ. ಎರಡೂ ನಡೆದಿರಬಹುದು, ಬೇರೆ ಬೇರೆ ದಿನ, ಬೇರೆ ಬೇರೆ ಬಲ್ಬು. ಕೋಲಿನಿಂದ ಬಲ್ಬು ಬಿಚ್ಚಿದ್ದು ಮಾತ್ರ ಯಾವ ನೆನಪಿನಲ್ಲೂ ಇಲ್ಲ. ಯಾರೋ ಬಿಚ್ಚಿದ್ದಾರೆ, ಬಚ್ಚಲಿಗೆ ಹಾಕಿದ್ದಾರೆ, ಖಾಲಿ ಬಿಡಬಾರದೆಂದು ಹೋದದ್ದನ್ನು ಕೋಲಿಗೆ ಸಿಕ್ಕಿಸಿದ್ದಾರೆ. ನಾಳೆ ಹೊಸದು ತಂದರಾಯಿತು ಎಂದುಕೊಂಡಿರುತ್ತಾರೆ.

ಆಮೇಲಿನ ಎರಡು ತಿಂಗಳನ್ನು ನೆನಪಿಸಿಕೊಳ್ಳಲು ನನಗೆ ಡೈರಿ ಬೇಕಿಲ್ಲ. ಮುರಿದ ಮೂಳೆಗೆ ಹಿಟ್ಟು ಹಚ್ಚಿ ಕಟ್ಟುವವರ ಹತ್ತಿರ ಹೋದೆವು, ಎಣ್ಣೆ ನೀವುವವರ ಹತ್ತಿರ ಹೋದೆವು. ಅವ್ವ ದಿನಾ ಬೆಳಿಗ್ಗೆ ಅಪ್ಪನ ಬೆರಳುಗಳ ನಡುವೆ ಬೆಂಕಿಕಡ್ಡಿ ಇಟ್ಟು, ಹಿಡ್ಕಳಿ ನೋಡಾನ ಎನ್ನುತ್ತಿದ್ದಳು. ಕಡ್ಡಿ ಬೀಳುತ್ತಿತ್ತು. ಅವಳು ಎತ್ತಿ ಮತ್ತೆ ಇಡುತ್ತಿದ್ದಳು. ಉಣ್ಣುವಾಗ ಎಡಗೈ ಬಳಸಲೊಲ್ಲದೆ, ಅವ್ವನ ಕೈತುತ್ತಿಗೆ ಬಾಯಿ ತೆರೆಯುವ ಮುನ್ನ ಅಪ್ಪ ನಡುಕೋಣೆಯ ಬಾಗಿಲು ಮುಂದೆ ಮಾಡಿಸುತ್ತಿದ್ದ. ಬಾಗಿಲ ಈಚೆ ನಾನು ಕೂತಿರುತ್ತಿದ್ದೆ. ಕೆಂಗಲ್ ಆಂಜನೇಯನ ಗುಡಿಗೆ ಮೂರು ಶನಿವಾರ ಬರಿಗಾಲಲ್ಲಿ ನಡೆದುಹೋದೆ. ನಾನು ಬೇಡಿಕೊಂಡದ್ದು ಅಪ್ಪನ ಕೈ ಸರಿಯಾಗಲಿ ಎಂದಷ್ಟೇ ಅಲ್ಲ. ನಾನು ಯಾರಿಗೂ ಏನೂ ಹೇಳಬೇಕಾಗದ ಹಾಗೆ ಸರಿಯಾಗಲಿ ಎಂದು. ನನಗೇ ಗೊತ್ತಿಲ್ಲದ್ದನ್ನು ಹೇಳುವುದಾದರೂ ಹೇಗೆ ಎಂಬ ಬುದ್ಧಿ ಆಗ ಇರಲಿಲ್ಲ. ಬಲ್ಬು ಬದಲಾಯಿಸಿದವಳು ನಾನೇ ಎಂದು ಒಪ್ಪಿಕೊಂಡುಬಿಟ್ಟು, ಬಚ್ಚಲಿಗೆ ಹೋದಾಗಲೆಲ್ಲ ಸ್ವಿಚ್ ಹಾಕದೆ ಕತ್ತಲಲ್ಲೇ ಸ್ನಾನ ಮಾಡುತ್ತಿದ್ದೆ.

ಅಷ್ಟರಲ್ಲಿ ಕುದೂರಿನವರು ಹೇಳಿಕಳಿಸಿದರು: ಆಗದಿದ್ದರೆ ಸೆಟ್ಟು ಹಾಗೇ ಕೊಟ್ಟುಬಿಡಿ. ಅಪ್ಪ ಎದ್ದು ಮುಂದಿನ ಕೋಣೆಗೆ ಹೋಗಿ ಕೂತ. ನನ್ನನ್ನು ಕರೆದ. ಅವ್ವ ಹೊಸಿಲಿಗೆ ಅಡ್ಡ ನಿಂತಳು.

"ಇವ್ಳ ಕೈನೂ ಹೋಗ್ಬೇಕಾ? ಆ ಪೆಟ್ಗೆನ ತಿಪ್ಪೆಗೆ ಎಸ್ದು ಬತ್ತೀನಿ ತಡೀರಿ."

"ಮಗಳ ಕೈ ಹೋಗದಂಗೆ ಕಲ್ಸಕ್ಕೇ ಕೂತಿರಾದು," ಎಂದ ಅಪ್ಪ. "ಒಸಿ ದಾರಿ ಬುಡು."

ಅವನು ಹೇಳಿದ, ನಾನು ಮಾಡಿದೆ. ಮೊದಲ ದಿನ ಸೆಟ್ಟಿನ ಹತ್ತಿರವೂ ಬಿಡಲಿಲ್ಲ. ಕೋಲಿಗೆ ಎರಡು ಹೊಸ ಬಲ್ಬು ಹಾಕಿಸಿ, ಅದರ ಎರಡು ತುದಿಗಳನ್ನು ಸೀರೀಸ್ ಹಲಗೆಗೆ ಸೇರಿಸಿ ಸ್ವಿಚ್ ಒತ್ತಿಸಿದ. ಬಲ್ಬುಗಳು ಮಂಕಾಗಿ ಉರಿದವು. ಇಷ್ಟು ವರ್ಷ ನಮ್ಮ ಮನೆಯಲ್ಲಿಲ್ಲದ ಒಂದು ಪಾಠ ಅವತ್ತು ಸೇರಿತು.

"ಮೊದ್ಲು ಕೋಲು ಬದುಕೈತಾ ನೋಡು. ಆಮ್ಯಾಕೆ ಸೆಟ್ಟಿಗೆ ಮುಟ್ಸು. ಮುಟ್ಸಿದ್ ಮ್ಯಾಲೆ ತಿರ್ಗ ತಂದು ಕೋಲು ಇನ್ನೂ ಬದುಕೈತಾ ನೋಡು. ಕೊನೀಗೆ ಮೀಟ್ರು. ಊಟುಕ್ಕೋಗಿ ಬಂದ್ರೆ ಎಲ್ಲಾನೂ ಮೊದ್ಲಿಂದ."

ನಾನು ತಲೆಯಾಡಿಸಿದೆ.

"ತಪ್ಪು ನಂದೇ ಮಗಾ. ಉರೀದೇ ಇದ್ದುದ್ದುಕ್ಕೆ ಇಳುದೈತೆ ಅಂದ್ಕಂಡೆ. ಉರೀನಿಲ್ಲ ಅಂದ್ರೆ ನಮ್ಗೆ ಏನೂ ಗೊತ್ತಾಗ್ನಿಲ್ಲ ಅಂತ, ಅಷ್ಟೇಯ."

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ, ಬಲಗೈ ತೊಡೆಯ ಮೇಲೆ ಯಾರೋ ಬಿಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ನಾನು, ಯಾವ ಬಣ್ಣದ ವೈರು ಮೊದಲು ಅಪ್ಪ ಎಂದು ಕೇಳಿದೆ. ಅವನು ಕೆಂಪು ಎಂದ.

ಹದಿಮೂರು ದಿನ ಹಿಡಿಯಿತು. ನಾನು ಹಾಕಿದ ಸೋಲ್ಡರ್ ಗಂಟುಗಂಟಾಗಿ ನಿಂತಿತು, ಅಪ್ಪ ಬಿಚ್ಚಿಸಿ ಮತ್ತೆ ಹಾಕಿಸಿದ. ಹೊಸ ರೆಸಿಸ್ಟರ್ ಕೂತ ಮೇಲೆ, ಕೋಲು ಮುಟ್ಟಿಸುವ ಮೊದಲೇ ಮೀಟರಿನ ಮುಳ್ಳು ತಾನಾಗಿ ಇಳಿಯುವುದನ್ನು ಇಬ್ಬರೂ ನೋಡಿದೆವು. ವಾಲ್ವುಗಳು ಬಟ್ಟಲಿಂದ ಎದ್ದು ತಮ್ಮ ಜಾಗಕ್ಕೆ ಹೋದವು, ಕೆಂಪಗಾದವು. ಸೆಟ್ಟು ಎದ್ದಿತು. ಕುದೂರಿನವರು ಅದನ್ನು ಅದೇ ದುಪ್ಪಟಿಯಲ್ಲಿ ಸುತ್ತಿಕೊಂಡು ಹೋದರು. ಸೆಟ್ಟು ಎದ್ದರೆ ಕೋಣೆ ತನಗೆ ಎಂದಿದ್ದ ಅಪ್ಪ, ಮಾರನೆಯ ಸೋಮವಾರ ಕೋಣೆಗೆ ಬೀಗ ಹಾಕಿ ಚಿಕ್ಕಪ್ಪನ ಜೊತೆ ಕಂಪನಿ ಬಸ್ಸು ಹತ್ತಿದ. ಎಡಗೈಯಲ್ಲಿ ರುಜು ಮಾಡುವುದನ್ನು ಅಷ್ಟರಲ್ಲಿ ಕಲಿತಿದ್ದ. ಗೇಟಿನಲ್ಲಿ ಹತ್ತು ವರ್ಷ ಕೂತ. ನಾನು ಮೈಸೂರಿನಲ್ಲಿದ್ದಾಗ, ಜ್ವರದ ನೆಪದಲ್ಲಿ, ತೀರಿಹೋದ. ಬಲ್ಬನ್ನು ಯಾರು ಬದಲಾಯಿಸಿದ್ದು ಎಂದು ಅವನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ನಾನು ಬೇರೆ ಥರದವಳಾಗುತ್ತಿದ್ದೆನೋ ಏನೋ. ಈಗ ಯಾರಾದರೂ, ಏನೂ ತೊಂದರೆ ಕಾಣುತ್ತಿಲ್ಲ ಎಂದರೆ, ನೋಡಿದ ಕಣ್ಣು ಸರಿಯಿತ್ತೇ ಎಂದು ಮೊದಲು ಕೇಳುವ ಚಾಳಿ ನನ್ನದು. ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವವರಿಗೆ ಇದು ಕಿರಿಕಿರಿ. ಗಂಡನಿಗೆ ಅದಕ್ಕಿಂತ ಹೆಚ್ಚು.

ಅವ್ವ ಈಗ ರಾಮನಗರದಲ್ಲಿ ನಮ್ಮ ಜೊತೆ ಇದ್ದಾಳೆ. ಅವಳ ನೆನಪು ನನ್ನದಕ್ಕಿಂತ ಗಟ್ಟಿ. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಯಾವ ಎಮ್ಮೆ ಯಾವ ಹಬ್ಬಕ್ಕೆ ಕರು ಹಾಕಿತು, ಎಲ್ಲ ಹೇಳುತ್ತಾಳೆ. ಬಚ್ಚಲ ಬಲ್ಬನ್ನು ಯಾರು ಹಾಕಿದ್ದು ಎಂದರೆ ಮಾತ್ರ, ನೆಪ್ಪಿಲ್ಲ ಕಣೆ ಎನ್ನುತ್ತಾಳೆ. ಇಪ್ಪತ್ತು ವರ್ಷದಿಂದ ಅದೇ ಉತ್ತರ, ಅದೇ ಧಾಟಿ. ಹೋದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ನಾನು ಆ ಪ್ರಶ್ನೆಯನ್ನು ಬಿಟ್ಟು ಬೇರೆಯದನ್ನು ಕೇಳಿದೆ. ಅವಳು ಮೊರದಲ್ಲಿದ್ದ ಕಾಳನ್ನು ಒಂದು ಕಡೆಗೆ ಸರಿಸಿ, ಸಿಪ್ಪೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು, ತಿರುಗಿ ಬಂದು ಚಿಕ್ಕಪ್ಪನ ಸೊಸೆಯಂದಿರ ವಿಷಯ ತೆಗೆದಳು. ಆಮೇಲೆ ನಾನೂ ಒತ್ತಾಯ ಮಾಡಿಲ್ಲ, ಅವಳೂ ಹೇಳಿಲ್ಲ. ಕೇಳಿದ್ದು ಇಷ್ಟೇ:

"ಅವ್ವ, ನೀನು ನೆಪ್ಪಿಲ್ಲ ಅನ್ನಾದು ನನ್ನ ಉಳ್ಸಕ್ಕಾ, ನಿನ್ನ ಉಳುಸ್ಕಳಕ್ಕಾ?"